ಘಾಟಿ ರೈಲಿನ ನಿಜವಾದ ಕೆಲಸ ಬೇಸಿಗೆಯದು

2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೇ ಜಾರಿ ಹೋಯಿತು. ಬೆಂಗಳೂರು–ಮಂಗಳೂರು ರೈಲು ಸಂಚಾರ ನಿಂತಿತು. ನೂರಾರು ಕಾರ್ಮಿಕರು ಮಳೆಯಲ್ಲಿ ನೆನೆಯುತ್ತಲೇ ಬಂಡೆಗಳನ್ನು ಇಳಿಸಿ, ಕಲ್ಲು ತುಂಬಿದ ತಂತಿ ಬಲೆಯ ಗೋಡೆ ಕಟ್ಟಿ, ಸುಮಾರು ಎರಡು ವಾರಗಳಲ್ಲಿ ಮಾರ್ಗವನ್ನು ಸರಿಪಡಿಸಿದರು. ಅದರ ಬೆನ್ನಲ್ಲೇ, ಆಗಸ್ಟ್ 10ರಂದು, ಸಕಲೇಶಪುರ–ಬಾಳ್ಳುಪೇಟೆ ನಡುವೆ ಹಳಿಯ ಮೇಲೆ ಗುಡ್ಡ ಕುಸಿಯಿತು. ರೈಲುಗಳು ಮತ್ತೆ ನಿಂತವು.

ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕುಸಿದ ಜಾಗವನ್ನು ಸರಿಪಡಿಸುವುದರಲ್ಲಿ ನಾವು ಪಳಗಿದ್ದೇವೆ. ಇನ್ನೂ ಕುಸಿಯದ ಜಾಗವನ್ನು ಕಾಯುವುದರಲ್ಲಿ ಅಷ್ಟು ಪಳಗಿಲ್ಲ.

ಹಾಸನ ಜಿಲ್ಲೆಯವಳಾದ ನಾನು ಮಂಗಳೂರಿನಲ್ಲಿ ಓದುತ್ತಿದ್ದೇನೆ. ನಮ್ಮ ಹಾಸ್ಟೆಲಿನಲ್ಲಿ ಬೆಂಗಳೂರಿಗೆ ಸಂದರ್ಶನಕ್ಕೋ ಸ್ಪರ್ಧಾತ್ಮಕ ಪರೀಕ್ಷೆಗೋ ಹೊರಡುವವರು ಮೊದಲು ನೋಡುವುದು ರಾತ್ರಿ ರೈಲಿನ ಟಿಕೆಟನ್ನು. ಬಸ್ಸಿಗಿಂತ ಅಗ್ಗ, ಮಲಗಿ ಹೋಗಬಹುದು, ಬೆಳಿಗ್ಗೆ ನೇರ ಪರೀಕ್ಷಾ ಕೇಂದ್ರ ತಲುಪಬಹುದು. ರೈಲು ರದ್ದಾದರೆ ಬಸ್ಸಿದೆಯಲ್ಲ ಎನ್ನುವವರು 2018ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳಬೇಕು. ಆಗ ಈ ಮಾರ್ಗದಲ್ಲಿ ಹತ್ತಾರು ಕಡೆ ಗುಡ್ಡ ಕುಸಿದು ವಾರಗಟ್ಟಲೆ ರೈಲು ಓಡಲಿಲ್ಲ. ಅದೇ ಮಳೆಗೆ ಶಿರಾಡಿ ಮತ್ತು ಸಂಪಾಜೆ ಘಾಟಿ ರಸ್ತೆಗಳೂ ಮುಚ್ಚಿದವು. ಹಳಿಯನ್ನು ಹಾಳು ಮಾಡುವ ಮಳೆ ಪಕ್ಕದ ರಸ್ತೆಯನ್ನು ಬಿಟ್ಟು ಹೋಗುವುದಿಲ್ಲ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಮಾರ್ಗ ಸುಮಾರು 55 ಕಿ.ಮೀ. ಅಷ್ಟರಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಪ್ರತಿ 50 ಮೀಟರ್‌ಗೆ 1 ಮೀಟರ್‌ನಷ್ಟು ಏರು. ರೈಲಿನ ವೇಗ ಗಂಟೆಗೆ 30 ಕಿ.ಮೀ. ಆಸುಪಾಸು. ಮೀಟರ್‌ಗೇಜ್ ಆಗಿ 1979ರಲ್ಲಿ ಪೂರ್ಣಗೊಂಡ ಹಾಸನ–ಮಂಗಳೂರು ಮಾರ್ಗವು ಗೇಜ್ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಿತು. ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಹತ್ತು ವರ್ಷಕ್ಕೂ ಮೇಲ್ಪಟ್ಟು ಕಾದು ಪಡೆದ ಮಾರ್ಗವಿದು.

ಇಂಥ ಮಾರ್ಗದಲ್ಲಿ ನೆರೆ ಬರುವ ಬಗೆಯೇ ಬೇರೆ. ಬಯಲಿನಲ್ಲಿ ನದಿ ಉಕ್ಕಿ ಹಳಿಯ ಮೇಲೆ ಬರುತ್ತದೆ. ನೀರು ಇಳಿದರೆ ಹಳಿ ಮತ್ತೆ ಕಾಣುತ್ತದೆ. ಘಾಟಿಯಲ್ಲಿ ನೀರು ಬರುವುದು ಮೇಲಿನಿಂದ. ದಿನಗಟ್ಟಲೆ ಮಳೆ ಕುಡಿದ ಮಣ್ಣು ಭಾರವಾಗುತ್ತದೆ, ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಹಳಿಗಾಗಿ ಗುಡ್ಡ ಕಡಿದ ಕಡೆ ಮಣ್ಣು ಮೇಲಿನಿಂದ ಬೀಳುತ್ತದೆ. ಮಣ್ಣು ತುಂಬಿ ದಿಬ್ಬ ಕಟ್ಟಿದ ಕಡೆ ಹಳಿಯ ಬುಡವೇ ಜಾರುತ್ತದೆ. ಮಳೆನೀರನ್ನು ಪಕ್ಕಕ್ಕೆ ಸಾಗಿಸುವ ಚರಂಡಿಯಲ್ಲಿ ಕಲ್ಲು, ಸೊಪ್ಪು, ಕೆಸರು ತುಂಬಿದರೆ ಒಂದೇ ರಾತ್ರಿಯಲ್ಲಿ ನೀರು ತನ್ನದೇ ದಾರಿ ಹುಡುಕಿಕೊಳ್ಳುತ್ತದೆ. ಹಾಗಾಗಿ ಎಷ್ಟೋ ಕಡೆ ಹಳಿಯ ಆಯುಷ್ಯ ನಿರ್ಧಾರವಾಗುವುದು ಹಳಿಯಲ್ಲಲ್ಲ, ಅದರ ಮೇಲಿನ ಚರಂಡಿಯಲ್ಲಿ.

ಇದು ನಮ್ಮ ಪಶ್ಚಿಮ ಘಟ್ಟದ ಕಥೆ ಮಾತ್ರವಲ್ಲ. 2022ರ ಮೇ ತಿಂಗಳಲ್ಲಿ ಅಸ್ಸಾಂನ ದಿಮಾ ಹಸಾವೊ ಜಿಲ್ಲೆಯ ನ್ಯೂ ಹಾಫ್ಲಾಂಗ್ ನಿಲ್ದಾಣಕ್ಕೆ ಕೆಸರಿನ ಪ್ರವಾಹ ನುಗ್ಗಿ, ನಿಂತಿದ್ದ ರೈಲಿನ ಬೋಗಿಗಳನ್ನೇ ಉರುಳಿಸಿತು. ಬರಾಕ್ ಕಣಿವೆ, ತ್ರಿಪುರಾ, ಮಿಜೋರಾಂಗಳಿಗೆ ರೈಲು ಸಂಪರ್ಕ ಕಡಿದು, ಮತ್ತೆ ಸರಿಯಾಗಲು ಸುಮಾರು ಎರಡು ತಿಂಗಳು ಬೇಕಾಯಿತು. 2023ರ ಆಗಸ್ಟ್‌ನಲ್ಲಿ ಶಿಮ್ಲಾದ ಸಮ್ಮರ್ ಹಿಲ್ ಬಳಿ ಮಣ್ಣು ಕೊಚ್ಚಿಹೋಗಿ, 1903ರಿಂದ ಓಡುತ್ತಿದ್ದ ಕಾಲ್ಕಾ–ಶಿಮ್ಲಾ ರೈಲಿನ ಹಳಿ ಗಾಳಿಯಲ್ಲಿ ತೂಗಾಡಿತು.

ಹಾಗಾದರೆ ಏನೂ ಮಾಡಲಾಗದೇ? ಉತ್ತರಕ್ಕಾಗಿ ನಮ್ಮ ಕರಾವಳಿಯ ಕೊಂಕಣ ರೈಲ್ವೆಯನ್ನು ನೋಡಬಹುದು. 2003ರ ಜೂನ್‌ನಲ್ಲಿ ಕಾರವಾರದಿಂದ ಮುಂಬೈಗೆ ಹೊರಟಿದ್ದ ವಿಶೇಷ ರೈಲು, ಮಹಾರಾಷ್ಟ್ರದ ವೈಭವವಾಡಿ ಬಳಿ ಗುಡ್ಡ ಕುಸಿದ ಜಾಗದಲ್ಲಿ ಹಳಿ ತಪ್ಪಿತು. 50ಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷದ ಮಳೆಗಾಲದಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಅಪಘಾತಕ್ಕೀಡಾಯಿತು. ಇಂದು ಆ ಮಾರ್ಗಕ್ಕೆ ಮಳೆಗಾಲದ ಪ್ರತ್ಯೇಕ ವೇಳಾಪಟ್ಟಿ ಇದೆ, ವೇಗ ಮಿತಿ ಇದೆ, ಬಂಡೆ ತಡೆಯುವ ಬಲೆಗಳಿವೆ, ಹಗಲು–ರಾತ್ರಿ ಗಸ್ತು ಇದೆ. ಕುಸಿತ ಪೂರ್ತಿ ನಿಂತಿಲ್ಲ, ನಿಜ. ಆದರೆ ಕುಸಿತಕ್ಕೂ ಸಾವಿಗೂ ನಡುವೆ ಒಂದಿಷ್ಟು ಅಂತರ ಸಿಕ್ಕಿದೆ. ಆ ಅಂತರಕ್ಕೆ ಅಷ್ಟು ಜೀವಗಳ ಬೆಲೆ ತೆರಬೇಕಾಯಿತೆಂಬುದೇ ದುಃಖದ ಸಂಗತಿ.

ಉದ್ಯೋಗಕ್ಕಾಗಿ ಓದುತ್ತಿರುವ ನಮಗೆ ಇಲ್ಲೊಂದು ನೇರ ಸಂಬಂಧವೂ ಇದೆ. ಮಳೆಯಲ್ಲಿ ಟಾರ್ಚ್ ಹಿಡಿದು ಹಳಿಯುದ್ದಕ್ಕೂ ನಡೆಯುವವರು, ಹಳಿಯ ಅಂಚಿನ ಕೆಸರು ತೆಗೆಯುವವರು ಟ್ರ್ಯಾಕ್ ಮೇಂಟೇನರ್‌ಗಳು. ನಾವು ‘ಗ್ರೂಪ್ ಡಿ’ ಎಂದು ಕರೆದು ಅರ್ಜಿ ಹಾಕುವ ಹುದ್ದೆಗಳಲ್ಲಿ ಇವೂ ಸೇರಿವೆ. 35 ಕೆ.ಜಿ. ಹೊತ್ತು 2 ನಿಮಿಷದಲ್ಲಿ 100 ಮೀಟರ್ ನಡೆಯುವ ದೈಹಿಕ ಪರೀಕ್ಷೆ ಯಾಕೆಂದು ಘಾಟಿಯ ಕೆಲಸ ನೋಡಿದವರಿಗೆ ಅರ್ಥವಾಗುತ್ತದೆ. 2019ರಲ್ಲಿ 1,03,769 ಹುದ್ದೆಗಳಿಗೆ ಅಧಿಸೂಚನೆ ಹೊರಟಿತು. ಒಂದು ಕೋಟಿಗೂ ಹೆಚ್ಚು ಅರ್ಜಿ ಬಂದವು. ಪರೀಕ್ಷೆ ನಡೆದದ್ದು 2022ರಲ್ಲಿ. ನೇಮಕಾತಿಯ ವಿಳಂಬವನ್ನು ನಾವು ನಿರುದ್ಯೋಗದ ಸಮಸ್ಯೆಯಾಗಿ ಮಾತ್ರ ನೋಡುತ್ತೇವೆ. ಹಳಿಯ ಕಡೆಯಿಂದ ನೋಡಿದರೆ ಅದು ಸುರಕ್ಷತೆಯ ಸಮಸ್ಯೆ. ಹುದ್ದೆ ಖಾಲಿ ಇದ್ದಷ್ಟು ದಿನ ಗುಡ್ಡವನ್ನು ನೋಡುವ ಕಣ್ಣುಗಳೂ ಕಡಿಮೆ.

ಮಳೆಗಾಲದಲ್ಲಿ ಈ ಮಾರ್ಗವನ್ನೇ ಮುಚ್ಚಿಬಿಡಿ ಎನ್ನುವವರಿದ್ದಾರೆ. ನಾಲ್ಕು ತಿಂಗಳು ರೈಲು ನಿಂತರೆ ಮಂಗಳೂರಿನ ಬಂದರಿನ ಸರಕೆಲ್ಲ ಲಾರಿಗಳಲ್ಲಿ ಶಿರಾಡಿ ಹತ್ತಬೇಕು. ಆ ಭಾರಕ್ಕೆ ರಸ್ತೆ ಅಗಲಿಸಲು ಇನ್ನಷ್ಟು ಗುಡ್ಡ ಕಡಿಯಬೇಕು. ಅದು ಪರಿಹಾರವಲ್ಲ, ಸಮಸ್ಯೆಯನ್ನು ಪಕ್ಕದ ಗುಡ್ಡಕ್ಕೆ ವರ್ಗಾಯಿಸಿದಂತೆ.

ಇನ್ನೊಂದು ತೊಡಕೂ ಇದೆ. ರೈಲ್ವೆಯ ಕೈಯಲ್ಲಿರುವುದು ಹಳಿಯ ಅಕ್ಕಪಕ್ಕದ ಕಿರಿದಾದ ಪಟ್ಟಿ ಮಾತ್ರ. ನೀರು ಹರಿದು ಬರುವ ಇಳಿಜಾರು ಕಾಡಿನದೋ, ತೋಟದ್ದೋ, ರಸ್ತೆಯದೋ ಆಗಿರುತ್ತದೆ. ಮೇಲೆ ಒಬ್ಬರು ಗುಡ್ಡ ಕಡಿದರೆ ಕೆಳಗೆ ಇನ್ನೊಬ್ಬರು ಗೋಡೆ ಕಟ್ಟಬೇಕು. ಅರಣ್ಯ, ಕಂದಾಯ, ಹೆದ್ದಾರಿ, ರೈಲ್ವೆ ಒಟ್ಟಿಗೆ ಕೂತು ಒಂದೇ ನಕ್ಷೆ ನೋಡದಿದ್ದರೆ ಎಂಥ ಗೋಡೆಯೂ ಸಾಲದು.

ಎಷ್ಟು ದಿನದಲ್ಲಿ ರೈಲು ಮತ್ತೆ ಓಡಿತು ಎಂಬುದು ಇಂದು ನಮ್ಮ ಹೊಗಳಿಕೆಯ ಅಳತೆ. ಅದರ ಜೊತೆಗೆ ಇನ್ನೊಂದು ಅಳತೆ ಬೇಕು: ಜನವರಿಯಿಂದ ಮೇ ತನಕ ಯಾವ ಯಾವ ಅಪಾಯದ ಜಾಗದಲ್ಲಿ ಎಷ್ಟು ಕೆಲಸವಾಯಿತು? ಆ ಪಟ್ಟಿಯನ್ನು ಪ್ರತಿ ವರ್ಷ ಜೂನ್‌ಗೆ ಮೊದಲು ಪ್ರಕಟಿಸಲಿ. ನಮ್ಮ ಸಂಸದರು ಹೊಸ ರೈಲು ಕೇಳಿದಷ್ಟೇ ಜೋರಾಗಿ ಅದನ್ನೂ ಕೇಳಲಿ. ಮಾಹಿತಿ ಹಕ್ಕಿನ ಅರ್ಜಿ ಬರೆಯಲು ನಮಗೂ ಬರುತ್ತದೆ; ಹತ್ತು ರೂಪಾಯಿ ಶುಲ್ಕ, ಒಂದು ಹಾಳೆ ಸಾಕು.