ನಿವೇಶನ ಕೊಳ್ಳುವ ಮುನ್ನ, ಮನೆ ಬಾಡಿಗೆಗೆ ಕೊಡುವ ಮುನ್ನ

ದೊಡ್ಡಬಳ್ಳಾಪುರವೆಂದರೆ ನೇಕಾರರ ಊರು. ಇಂದಿಗೂ ಹಲವು ಬೀದಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು ಕೇಳಿಬರುತ್ತದೆ. ಆದರೆ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಹೋಟೆಲಿನ ಮೇಜಿನ ಸುತ್ತ ಸೀರೆಯ ಮಾತಿಗಿಂತ ಸೈಟಿನ ಮಾತೇ ಹೆಚ್ಚಾಗಿದೆ. ಕೈಗಾರಿಕಾ ಪ್ರದೇಶ, ಅಪೆರಲ್ ಪಾರ್ಕ್, ಹೊಸಕೋಟೆಯ ಕಡೆಗೆ ಹೋಗುವ ಅಗಲವಾದ ಹೆದ್ದಾರಿ ಇವೆಲ್ಲ ಸೇರಿ ಹೊಲಗಳ ನಡುವೆ ಬಣ್ಣದ ಗಡಿಕಲ್ಲುಗಳನ್ನು ನೆಟ್ಟಿವೆ.

ನನ್ನಲ್ಲಿ ಓದಿದವರು ಕೆಲವರು ಈಗ ನಿವೃತ್ತಿಯ ಅಂಚಿನಲ್ಲಿದ್ದಾರೆ. ಎದುರಾದಾಗಲೆಲ್ಲ ಅವರು ಕೇಳುವುದು ಒಂದೇ ಪ್ರಶ್ನೆ: "ಮೇಷ್ಟ್ರೇ, ಇರೋ ಹಣದಲ್ಲಿ ಒಂದು ಸೈಟು ತಗೊಂಡು ಬಿಟ್ಟಿರಲೇ?" ನಾನು ಕಾನೂನು ಪಂಡಿತನಲ್ಲ, ದಲ್ಲಾಳಿಯೂ ಅಲ್ಲ. ಆದರೂ ನಾಲ್ಕು ಜನರ ಅನುಭವವನ್ನು ಹತ್ತಿರದಿಂದ ಕಂಡವನಾದ್ದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಸಣ್ಣ ಉಳಿತಾಯದವರು ಬೆಲೆ ಏರುತ್ತದೆಂಬ ನಂಬಿಕೆಯೊಂದರ ಮೇಲೆಯೇ ಆಸ್ತಿ ಕೊಳ್ಳಬಾರದು. ಬಾಡಿಗೆ ತರಬಲ್ಲ, ಕಾಗದಪತ್ರ ನೇರವಾಗಿರುವ ಆಸ್ತಿಗೆ ಮಾತ್ರ ಕೈಹಾಕಬೇಕು. ಅದರಲ್ಲಿಯೂ ಮೊದಲು ನೋಡಬೇಕಾದದ್ದು ಊರಾಚೆಯ ಸೈಟನ್ನಲ್ಲ, ನಮ್ಮದೇ ಮನೆಯ ಮೇಲಿನ ಖಾಲಿ ಜಾಗವನ್ನು.

ಶಾಲೆಯ ಲೆಕ್ಕದಂತೆಯೇ ಇದನ್ನು ಬಿಡಿಸೋಣ. ಒಬ್ಬರು 20 ಲಕ್ಷ ರೂಪಾಯಿಯ ಸೈಟು ಕೊಂಡರೆಂದು ಇಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ನೋಂದಣಿ ಶುಲ್ಕವನ್ನೂ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿಸಲಾಗಿದೆ. ಹೀಗೆ ಸುಮಾರು ಒಂದೂವರೆ ಲಕ್ಷ ಅಲ್ಲಿಯೇ ಹೋಯಿತು. ಶೇ. 7ರ ಬಡ್ಡಿಯ ಠೇವಣಿ ಹತ್ತು ವರ್ಷಕ್ಕೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಅಂದರೆ ಹತ್ತು ವರ್ಷದ ಬಳಿಕ ಆ ಸೈಟು 42 ಲಕ್ಷಕ್ಕೆ ಮಾರಾಟವಾದರೂ ನೀವು ಗಳಿಸಿದ್ದು ಬ್ಯಾಂಕಿನ ಬಡ್ಡಿಯಷ್ಟೇ. ನಡುವೆ ಬೇಲಿ, ಕಂದಾಯ, ಒತ್ತುವರಿಯ ಆತಂಕ ಬೇರೆ.

ಇನ್ನೊಬ್ಬರು ಸಾಲ ಮಾಡಿ ಕಟ್ಟಿದ ಮನೆಯನ್ನೇ ಕೊಳ್ಳುತ್ತಾರೆ. ಎಲ್ಲ ಸೇರಿ 40 ಲಕ್ಷ ಬಿದ್ದ ಮನೆಗೆ ತಿಂಗಳಿಗೆ 10,000 ಬಾಡಿಗೆ ಬಂದರೆ ವರ್ಷಕ್ಕೆ 1,20,000. ಹಾಕಿದ ಹಣಕ್ಕೆ ಶೇ. 3. ಅದರಲ್ಲಿ 20 ಲಕ್ಷ ಸಾಲವಿದ್ದರೆ, ಶೇ. 8.5ರ ಬಡ್ಡಿಗೆ 20 ವರ್ಷಗಳ ಅವಧಿಗೆ ತಿಂಗಳ ಕಂತೇ 17,000 ದಾಟುತ್ತದೆ. "ಬಾಡಿಗೆಯಲ್ಲೇ ಕಂತು ಕಟ್ಟಿಕೊಂಡರಾಯಿತು" ಎನ್ನುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದು ನೋಡಲಿ.

ಮೂರನೆಯವರಿಗೆ ಸ್ವಂತ ಮನೆಯಿದೆ. ಅದರ ಮೇಲೆ 12 ಲಕ್ಷದಲ್ಲಿ ಒಂದು ಅಚ್ಚುಕಟ್ಟಾದ ಮನೆ ಕಟ್ಟಿಸಿ 8,000 ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ 96,000, ಅಂದರೆ ಶೇ. 8. ಜಾಗಕ್ಕೆ ಹಣ ತೆರುವ ಹಾಗಿಲ್ಲ, ಮನೆ ಕಣ್ಣೆದುರಿಗೇ ಇರುತ್ತದೆ. ತಳಪಾಯ ಮೇಲಂತಸ್ತನ್ನು ತಡೆಯುವುದೇ ಎಂದು ಎಂಜಿನಿಯರರಿಂದ ಪರೀಕ್ಷೆ ಮಾಡಿಸಿ, ನಗರಸಭೆಯಿಂದ ನಕ್ಷೆಗೆ ಒಪ್ಪಿಗೆ ಪಡೆದರೆ ಹೊಸಬರಿಗೆ ಇದಕ್ಕಿಂತ ಕ್ಷೇಮವಾದ ಹಾದಿ ಕಾಣೆ. ಅಂಕಿಗಳು ಬೀದಿಯಿಂದ ಬೀದಿಗೆ ಬದಲಾಗಬಹುದು, ಲೆಕ್ಕದ ಕ್ರಮ ಬದಲಾಗದು.

ಇಷ್ಟಾದರೂ ಸೈಟೇ ಬೇಕೆನ್ನುವವರು ಬೆಲೆ ಕೇಳುವ ಮೊದಲು ಪತ್ರ ಕೇಳಬೇಕು. ಮೂಲಪತ್ರಗಳು, ಕನಿಷ್ಠ 30 ವರ್ಷಗಳ ಋಣಭಾರ ಪತ್ರ, ಪಹಣಿ, ಮ್ಯುಟೇಷನ್, ಭೂಪರಿವರ್ತನೆಯ ಆದೇಶ, ಯೋಜನಾ ಪ್ರಾಧಿಕಾರವು ಅನುಮೋದಿಸಿದ ಬಡಾವಣೆಯ ನಕ್ಷೆ, ಇ-ಖಾತೆ ಇವು ಕನಿಷ್ಠ ಅಗತ್ಯಗಳು. ಪಂಚಾಯಿತಿ ವ್ಯಾಪ್ತಿಯಲ್ಲಾದರೆ ನಮೂನೆ 9 ಮತ್ತು 11ಎ ಇವೆಯೇ ನೋಡಿ. 11ಬಿ ಅಥವಾ ಬಿ-ಖಾತೆ ಇದ್ದ ಮಾತ್ರಕ್ಕೆ ಅನುಮೋದನೆಯಿಲ್ಲದ ಬಡಾವಣೆ ಅನುಮೋದಿತವಾಗಿಬಿಡುವುದಿಲ್ಲ. ಕಂದಾಯದ ರಸೀದಿ ಹಕ್ಕುಪತ್ರವಲ್ಲ. ಬಡಾವಣೆ 500 ಚದರ ಮೀಟರಿಗಿಂತ ದೊಡ್ಡದಾಗಿದ್ದರೆ 2016ರ ರೇರಾ ಕಾಯ್ದೆಯ ಪ್ರಕಾರ ನೋಂದಣಿಯಾಗಿರಬೇಕು. ಆ ಸಂಖ್ಯೆಯನ್ನು ಕೇಳಿ ಪಡೆದು ತಾಳೆ ನೋಡಿ. ಜಿ.ಪಿ.ಎ. ಮೇಲೆ ಬರೆದುಕೊಡುತ್ತೇವೆ ಎಂದರೆ ಅಲ್ಲಿಂದ ಎದ್ದುಬನ್ನಿ. ಅಂಥ ಪತ್ರದಿಂದ ಮಾಲೀಕತ್ವ ಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಹೇಳಿದೆ.

ನಮ್ಮ ಸೀಮೆಯಲ್ಲಿ ಇನ್ನೂ ಮೂರು ಸಂಗತಿಗಳನ್ನು ವಿಶೇಷವಾಗಿ ವಿಚಾರಿಸಬೇಕು. ಮೊದಲನೆಯದು, ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೇ ಎಂಬುದು. 1978ರ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಮಾರುವಂತಿಲ್ಲ. 2023ರ ತಿದ್ದುಪಡಿಯ ಬಳಿಕ, ಎಷ್ಟು ವರ್ಷ ಕಳೆದಿದ್ದರೂ ಮೂಲ ಮಂಜೂರುದಾರರ ಕುಟುಂಬ ಅದನ್ನು ಮರಳಿ ಕೇಳಬಹುದು. ಹಾಗೆ ಕೇಳುವುದು ನ್ಯಾಯವೂ ಹೌದು. ಅವರ ಭೂಮಿಯ ಮೇಲೆ ನಮ್ಮ ನಿವೃತ್ತಿಯ ನೆಮ್ಮದಿಯನ್ನು ಕಟ್ಟಿಕೊಳ್ಳುವುದು ತರವಲ್ಲ. ಎರಡನೆಯದು, ಕೆರೆಯ ಅಂಚು, ರಾಜಕಾಲುವೆ ಮತ್ತು ಬಿ-ಖರಾಬು. ಗ್ರಾಮನಕ್ಷೆಯನ್ನು ಹಿಡಿದು ಭೂಮಾಪಕರೊಡನೆ ಸ್ಥಳಕ್ಕೆ ಹೋಗಿ. ಬೇಸಿಗೆಯಲ್ಲಿ ಕಂಡ ಸಮತಟ್ಟು ಜಾಗವನ್ನು ಮಳೆಗಾಲದಲ್ಲಿ ಮತ್ತೊಮ್ಮೆ ನೋಡಿ. ಮೂರನೆಯದು, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಸ್ವಾಧೀನದ ಅಧಿಸೂಚನೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ಕಥೆ ಎಲ್ಲರಿಗೂ ಗೊತ್ತು. ರೈತರು 2022ರಿಂದ ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತ ಮೇಲೆ, 2025ರ ಜುಲೈ 15ರಂದು ಆ ಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿಗಳು ಪ್ರಕಟಿಸಿದರು. ಅಷ್ಟು ದೀರ್ಘ ಹೋರಾಟ ಭೂಮಿಯಲ್ಲೇ ಬದುಕುವ ರೈತನಿಂದ ಸಾಧ್ಯವಾಯಿತು. ಮೂವತ್ತು-ನಲವತ್ತರ ಅಳತೆಯ ಸೈಟು ಕೊಂಡ ಪಿಂಚಣಿದಾರನಿಂದ ಆಗುವುದೇ?

ಇನ್ನು ಮನೆ ಬಾಡಿಗೆಗೆ ಕೊಡುವ ವಿಚಾರ. ಹನ್ನೊಂದು ತಿಂಗಳ ಕರಾರು ಏಕೆಂದು ಅನೇಕರಿಗೆ ತಿಳಿಯದು. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಆ ಖರ್ಚು ತಪ್ಪಿಸಲು ಬಂದ ರೂಢಿಯಿದು. ಅವಧಿ ಏನೇ ಇರಲಿ, ಕರಾರಂತೂ ಬರಹದಲ್ಲಿರಬೇಕು. ಬಾಡಿಗೆ ಎಷ್ಟು, ಯಾವ ತಾರೀಖಿನೊಳಗೆ, ವರ್ಷಕ್ಕೆ ಎಷ್ಟು ಏರಿಕೆ, ಸುಣ್ಣಬಣ್ಣ ಯಾರದು, ಬಿಡುವಾಗ ಎಷ್ಟು ದಿನದ ಮುನ್ಸೂಚನೆ ಎಂಬುದೆಲ್ಲ ಅದರಲ್ಲಿ ಸೇರಲಿ. ಗುರುತಿನ ಚೀಟಿಯ ಪ್ರತಿ ಪಡೆದು ಠಾಣೆಗೆ ತಿಳಿಸಿಡುವುದು ಒಳ್ಳೆಯದು. ಬಾಡಿಗೆಯನ್ನು ಬ್ಯಾಂಕಿನ ಮೂಲಕ ಪಡೆಯಿರಿ, ನಗದಾದರೆ ರಸೀದಿ ಕೊಡಿ. ತೆರಿಗೆ ಲೆಕ್ಕದಲ್ಲಿ, ಮನೆ ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ಶೇ. 30 ವಿನಾಯಿತಿ ಸಿಗುತ್ತದೆ. ಆದ್ದರಿಂದ ಆದಾಯವನ್ನು ಮುಚ್ಚಿಡಬೇಕಾದ ಕಾರಣವಿಲ್ಲ.

ಪ್ರತಿ ಮನೆಗೂ ಬೇರೆ ವಿದ್ಯುತ್ ಮೀಟರ್ ಹಾಕಿಸಿ. 2023ರಲ್ಲಿ ಬಂದ ಗೃಹಜ್ಯೋತಿಯ ಸೌಲಭ್ಯ ಬಾಡಿಗೆದಾರರಿಗೂ ಉಂಟು. ಒಂದೇ ಮೀಟರಿನಲ್ಲಿ ಮೂರು ಸಂಸಾರ ಕೂಡಿದರೆ 200 ಯೂನಿಟ್ ದಾಟಿ ಎಲ್ಲರಿಗೂ ನಷ್ಟ, ತಿಂಗಳ ಕೊನೆಗೆ ಜಗಳ. ಹಳೆಯ ಬಾಡಿಗೆದಾರರು ಹೊರಡುವಾಗ ತಮ್ಮ ಆಧಾರ್ ಜೋಡಣೆಯನ್ನು ಬಿಡಿಸಿ ಹೋಗುವಂತೆ ನೆನಪಿಸಿ.

ಮುಂಗಡದ ವಿಷಯದಲ್ಲಿ ನನ್ನದು ಖಚಿತವಾದ ಅಭಿಪ್ರಾಯ. ಬೆಂಗಳೂರಿನ ಹತ್ತು ತಿಂಗಳ ಮುಂಗಡದ ಪದ್ಧತಿ ನಮ್ಮೂರಿಗೆ ಬೇಡ. 2021ರಲ್ಲಿ ಕೇಂದ್ರವು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಮಿತಿಯನ್ನು ಸೂಚಿಸಿದೆ. ಅದು ಮಾದರಿ ಮಾತ್ರ, ರಾಜ್ಯ ತನ್ನದಾಗಿಸಿಕೊಂಡರಷ್ಟೇ ಕಾನೂನು. ಆದರೂ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳೊಬ್ಬಳು ಎಂಬತ್ತು ಸಾವಿರವನ್ನು ಎಲ್ಲಿಂದ ತಂದಾಳು? ಬಡ್ಡಿಗೆ ತರುತ್ತಾಳೆ, ಆ ಬಡ್ಡಿ ಕಟ್ಟಲು ನಮ್ಮ ಬಾಡಿಗೆಯನ್ನು ತಡಮಾಡುತ್ತಾಳೆ. ಎರಡು-ಮೂರು ತಿಂಗಳ ಮುಂಗಡ ಸಾಕು.

ಭೋಗ್ಯಕ್ಕೆ ಕೊಡುವವರಿಗೆ ಇನ್ನೂ ಎಚ್ಚರ ಬೇಕು. ನಾಲ್ಕೈದು ಲಕ್ಷ ಕೈಗೆ ಬಂದೊಡನೆ ಅದು ನಮ್ಮದೆಂಬ ಭ್ರಮೆ ಹುಟ್ಟುತ್ತದೆ. ಮಗಳ ಮದುವೆಗೋ ಮತ್ತೊಂದು ಸೈಟಿಗೋ ಕರಗುತ್ತದೆ. ಅವಧಿ ಮುಗಿದಾಗ ಹೊಸ ಭೋಗ್ಯದಾರ ಸಿಕ್ಕದಿದ್ದರೆ ಹಳಬರಿಗೆ ಮುಖ ತೋರಿಸುವುದು ಹೇಗೆ? ಅದು ಆದಾಯವಲ್ಲ, ಸಾಲ. ಬ್ಯಾಂಕಿನಲ್ಲಿಟ್ಟು ಬಡ್ಡಿ ತಿನ್ನುವ ಸಂಯಮವಿದ್ದವರು ಮಾತ್ರ ಭೋಗ್ಯಕ್ಕೆ ಕೊಡಲಿ. ಬ್ಯಾಂಕಿಗೆ ಅಡವಿಟ್ಟ ಮನೆಯನ್ನಂತೂ ಆ ವಿಷಯ ಮುಚ್ಚಿಟ್ಟು ಭೋಗ್ಯಕ್ಕೆ ಕೊಡುವುದು ವಂಚನೆಯೇ ಸರಿ.

ಕೊನೆಗೆ ಒಂದು ಕಹಿ ಮಾತು. ಮನೆ ಕೇಳಲು ಬಂದವರನ್ನು "ನೀವು ಯಾವ ಜನ?" ಎಂದು ಕೇಳುವ ಚಾಳಿ ವಿದ್ಯಾವಂತರಲ್ಲಿಯೂ ಹೋಗಿಲ್ಲ. ತರಗತಿಯಲ್ಲಿ ಎಲ್ಲರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದ ನನಗೆ ಈ ಪ್ರಶ್ನೆ ಕೇಳಿದಾಗ ನಾಚಿಕೆಯಾಗುತ್ತದೆ. ಕೇಳಬೇಕಾದದ್ದು ಅವರ ದುಡಿಮೆಯೇನು, ಎಷ್ಟು ಜನ ಇರುತ್ತಾರೆ, ಹಿಂದಿನ ಮನೆಯನ್ನು ಹೇಗೆ ಬಿಟ್ಟರು ಎಂಬುದನ್ನು. ಹಾಗೆಯೇ, ಬಾಡಿಗೆ ತಡವಾಯಿತೆಂದು ನೀರು ನಿಲ್ಲಿಸುವುದು, ಬೀಗ ಜಡಿಯುವುದು ಸಲ್ಲದು. ಮಾತಿಗೆ ಬಗ್ಗದಿದ್ದರೆ ಲಿಖಿತ ನೋಟಿಸು, ಅದಕ್ಕೂ ಬಗ್ಗದಿದ್ದರೆ ನ್ಯಾಯಾಲಯ, ಇದೇ ಕ್ರಮ.

ಬೆಲೆ ಏರಿದರೆ ಸಂತೋಷ, ಏರದಿದ್ದರೂ ತಿಂಗಳ ಬಾಡಿಗೆಯಿಂದ ಔಷಧಿಯ ಖರ್ಚು ನಡೆಯಬೇಕು. ಅಂಥ ಆಸ್ತಿಯೇ ನಮ್ಮಂಥವರಿಗೆ ತಕ್ಕದ್ದು. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂದ ಹಿರಿಯರು ಸೈಟಿನ ವ್ಯಾಪಾರ ಕಂಡವರಲ್ಲ. ಆದರೆ ಅವರ ಮಾತು ಇಲ್ಲಿಗೂ ಒಪ್ಪುತ್ತದೆ. ಭಿನ್ನಾಭಿಪ್ರಾಯವಿರುವ ಓದುಗರು ತಮ್ಮ ಲೆಕ್ಕವನ್ನು ಬರೆದು ತಿಳಿಸಲಿ. ತಪ್ಪಿಲ್ಲದ ಲೆಕ್ಕಕ್ಕೆ ಪೂರ್ತಿ ಅಂಕ ಕೊಡುವುದು ನನ್ನ ಹಳೆಯ ಅಭ್ಯಾಸ.