ಕಣ್ಣಿನ ಹುಣ್ಣಿಗೆ ಕನ್ನಡಿ

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬುದು ಕನ್ನಡಿಗರ ಹಳೆಯ ಮಾತು. ಕಣ್ಣೆದುರಿಗೆ ಇರುವುದನ್ನು ಕಾಣಲು ಬೇರೊಂದು ಸಾಧನ ಬೇಡವೆಂಬುದು ಅದರ ಅರ್ಥ. ಆದರೆ ಹುಣ್ಣು ಕಣ್ಣಿನಲ್ಲಿಯೇ ಆದರೆ ಏನು ಮಾಡಬೇಕು? ಕನ್ನಡಿ ಹಿಡಿದರೂ ಅಲ್ಲಿ ಕೆಂಪು ಕಾಣುವುದೇ ಹೊರತು ಗಾಯ ಕಾಣುವುದಿಲ್ಲ. ಅಂಥ ಗಾಯವನ್ನು ತೋರಿಸಿಕೊಡುವ ಬಣ್ಣವೊಂದನ್ನು ವಿಜ್ಞಾನವು ವೈದ್ಯರ ಕೈಗೆ ಕೊಟ್ಟಿದೆ. ಆ ಬಣ್ಣವು ನಗರದ ದೊಡ್ಡ ಆಸ್ಪತ್ರೆಗಳಿಗೆ ಮಾತ್ರ ಸಲ್ಲಬೇಕೆ, ಗುಡ್ಡಗಾಡಿನ ಹಳ್ಳಿಗೂ ಸಲ್ಲಬೇಕೆ ಎಂಬುದು ವಿಚಾರ ಮಾಡತಕ್ಕ ಪ್ರಶ್ನೆ.

ಹಾಸನ ಜಿಲ್ಲೆಯ ಪಶ್ಚಿಮಕ್ಕೆ ಸಕಲೇಶಪುರ, ಆಲೂರು ತಾಲ್ಲೂಕುಗಳ ಗುಡ್ಡಗಳು ಹಬ್ಬಿವೆ. ಇಳಿಜಾರುಗಳಲ್ಲಿ ಕಾಫಿ, ಮೆಣಸು, ಏಲಕ್ಕಿಯ ತೋಟಗಳು. ತಗ್ಗಿನಲ್ಲಿ ಭತ್ತದ ಗದ್ದೆಗಳು. ನೋಡಬಂದವರ ಕಣ್ಣಿಗೆ ಈ ಹಸುರು ಹಬ್ಬವಾದರೆ, ದುಡಿಯುವವರ ಕಣ್ಣಿಗೆ ಅದೇ ಅಪಾಯವೂ ಹೌದು. ಮರಗಸಿ ಮಾಡುವಾಗ ಮರದ ಪುಡಿ ಮೇಲಿನಿಂದ ಉದುರುತ್ತದೆ. ಕಾಫಿಯ ಕೊಯ್ಲಿನಲ್ಲಿ ಬಗ್ಗಿಸಿ ಹಿಡಿದ ರೆಂಬೆ ಕೈತಪ್ಪಿ ಮುಖಕ್ಕೆ ಚಿಮ್ಮುತ್ತದೆ. ಗದ್ದೆಯಲ್ಲಿ ಭತ್ತದ ಗರಿ ತಾಗುತ್ತದೆ. ಕಣದಲ್ಲಿ ತೂರುವಾಗ ಹೊಟ್ಟು ಹಾರುತ್ತದೆ.

ಕಣ್ಣಿನ ಮುಂಭಾಗದ ಗಾಜಿನಂಥ ಪಟಲಕ್ಕೆ ಕಾರ್ನಿಯ ಎಂದು ಹೆಸರು. ಅದರ ಮೇಲೆ ಒಂದು ಸಣ್ಣ ಗೀರು ಬಿದ್ದರೂ ಸಾಕು, ಗಿಡದಲ್ಲಿಯೂ ಮಣ್ಣಿನಲ್ಲಿಯೂ ಇರುವ ಶಿಲೀಂಧ್ರಗಳು, ಬ್ಯಾಕ್ಟೀರಿಯಗಳು ಒಳಹೊಕ್ಕು ಹುಣ್ಣನ್ನು ಉಂಟುಮಾಡಬಲ್ಲವು. ಹುಣ್ಣು ಮಾಗಿದ ಮೇಲೆ ಬಿಳಿಯ ಕಲೆಯೊಂದು ಉಳಿಯುತ್ತದೆ. ಆ ಕಲೆ ನಡುಮಧ್ಯದಲ್ಲಿದ್ದರೆ ಆ ಕಣ್ಣಿನ ದೃಷ್ಟಿ ಹೋದಂತೆಯೇ. ಕೂಲಿಯಿಂದ ಬದುಕುವ ಸಂಸಾರಕ್ಕೆ ಇದಕ್ಕಿಂತ ದೊಡ್ಡ ನಷ್ಟ ಯಾವುದು?

ಈ ಕೇಡನ್ನು ತಡೆಯಬಲ್ಲ ಬಣ್ಣದ ಕಥೆ ಸ್ವಾರಸ್ಯವಾದುದು. ಕೆಲವು ವಸ್ತುಗಳು ಒಂದು ಬಣ್ಣದ ಬೆಳಕನ್ನು ಹೀರಿಕೊಂಡು ಒಡನೆಯೇ ಇನ್ನೊಂದು ಬಣ್ಣದ ಬೆಳಕನ್ನು ಹೊರಸೂಸುತ್ತವೆ. ಈ ಗುಣವನ್ನು ಪ್ರತಿದೀಪ್ತಿ ಎನ್ನುತ್ತಾರೆ. ೧೮೫೨ರಲ್ಲಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ವಿಜ್ಞಾನಿ ಇದನ್ನು ವಿವರಿಸಿದಾಗ ಅವರ ಪ್ರಯೋಗಕ್ಕೆ ಒದಗಿದ ದ್ರವಗಳಲ್ಲಿ ಕ್ವಿನೈನಿನ ದ್ರಾವಣವೂ ಒಂದು. ಹಿಂದೆ ಚಳಿಜ್ವರ ಬಂದಾಗ ಮಲೆನಾಡಿನವರು ಮುಖ ಹಿಂಡಿಕೊಂಡು ನುಂಗುತ್ತಿದ್ದ ಆ ಕಹಿ ಮದ್ದು, ಅತಿನೇರಳೆ ಕಿರಣ ಬಿದ್ದೊಡನೆ ನೀಲಿಯಾಗಿ ಬೆಳಗುತ್ತದೆ! ೧೮೭೧ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಅವರು ಫ್ಲೋರಸೀನ್ ಎಂಬ ಬಣ್ಣವನ್ನು ತಯಾರಿಸಿದರು. ಆರು ವರ್ಷಗಳ ಬಳಿಕ ಡಾನ್ಯೂಬ್ ನದಿಯ ನೀರು ನೆಲದೊಳಗೆ ಇಂಗಿಹೋಗುವ ಸ್ಥಳದಲ್ಲಿ ಸುಮಾರು ೧೦ ಕಿಲೋಗ್ರಾಂ ಫ್ಲೋರಸೀನನ್ನು ಸುರಿದರು. ಸುಮಾರು ೬೦ ಗಂಟೆಗಳ ತರುವಾಯ ದೂರದ ಆಖ್ ಎಂಬ ಬುಗ್ಗೆಯ ನೀರು ಹಸುರಾಗಿ ಹೊಳೆಯಿತು. ನೆಲದಡಿಯ ಗುಪ್ತ ಮಾರ್ಗ ಹೀಗೆ ಬಯಲಾಯಿತು.

ದೇಹದೊಳಗಿನ ಮಾರ್ಗಗಳನ್ನು ಕಾಣಲು ವೈದ್ಯರು ಇದೇ ಉಪಾಯವನ್ನು ಹಿಡಿದರು. ತೋಳಿನ ರಕ್ತನಾಳಕ್ಕೆ ಫ್ಲೋರಸೀನನ್ನು ಚುಚ್ಚಿ, ಅಕ್ಷಿಪಟಲದ ನವುರಾದ ರಕ್ತನಾಳಗಳಲ್ಲಿ ಅದು ಹರಿಯುವಾಗ ಚಿತ್ರ ತೆಗೆಯುವ ವಿಧಾನವನ್ನು ೧೯೬೧ರಲ್ಲಿ ಅಮೆರಿಕದ ನೊವೋಟ್ನಿ, ಆಲ್ವಿಸ್ ಎಂಬಿಬ್ಬರು ಪ್ರಕಟಿಸಿದರು. ಸಕ್ಕರೆ ರೋಗದಿಂದ ಕಣ್ಣಿನ ನಾಳಗಳು ಸೋರುತ್ತಿದ್ದರೆ ಆ ಚಿತ್ರದಲ್ಲಿ ತಿಳಿಯುತ್ತದೆ. ಇಂಡೋಸಯನೀನ್ ಗ್ರೀನ್ ಎಂಬ ಇನ್ನೊಂದು ಬಣ್ಣವನ್ನು ಯಕೃತ್ತು ಪಿತ್ತರಸದೊಡನೆ ಹೊರಹಾಕುತ್ತದೆ. ವಿಶೇಷ ಕ್ಯಾಮೆರಾದಲ್ಲಿ ಪಿತ್ತನಾಳ ಬೆಳಗಿ ಕಾಣುವುದರಿಂದ ಶಸ್ತ್ರವೈದ್ಯರು ಅದನ್ನು ತಪ್ಪಿಯೂ ಕತ್ತರಿಸದಂತೆ ಎಚ್ಚರ ವಹಿಸಬಹುದು. ಮಿದುಳಿನ ಕೆಲವು ಗಡ್ಡೆಗಳನ್ನು ಕೂಡ ಈ ಬಗೆಯಲ್ಲಿ ಬೆಳಗಿಸಿ, ಒಳ್ಳೆಯ ಭಾಗವನ್ನು ಉಳಿಸಿ ತೆಗೆಯುತ್ತಾರೆ.

ಇವೆಲ್ಲ ಬೆರಗು ಹುಟ್ಟಿಸುವ ಸಾಧನೆಗಳು. ಆದರೆ ಇವುಗಳಿಗೆ ಬೆಲೆಬಾಳುವ ಯಂತ್ರಗಳು ಬೇಕು, ನುರಿತ ತಜ್ಞರು ಬೇಕು. ಕಾರ್ನಿಯದ ಗಾಯವನ್ನು ಕಾಣಲು ಅಷ್ಟೆಲ್ಲ ಬೇಡ. ಫ್ಲೋರಸೀನ್ ಸವರಿದ ಒಂದು ಕಾಗದದ ಪಟ್ಟಿ, ನೀಲಿ ಬೆಳಕು ಬೀರುವ ಒಂದು ಟಾರ್ಚು ಸಾಕು. ಒದ್ದೆ ಮಾಡಿದ ಪಟ್ಟಿಯನ್ನು ಕೆಳರೆಪ್ಪೆಯ ಒಳಗೆ ಮೆಲ್ಲಗೆ ತಾಗಿಸಿದರೆ ಬಣ್ಣ ಕಣ್ಣೀರಿನಲ್ಲಿ ಬೆರೆಯುತ್ತದೆ. ಕಾರ್ನಿಯದ ಮೇಲ್ಪದರ ಸರಿಯಾಗಿದ್ದಲ್ಲಿ ಬಣ್ಣ ನಿಲ್ಲುವುದಿಲ್ಲ. ಪದರ ಕಿತ್ತುಹೋದಲ್ಲಿ ನಿಲ್ಲುತ್ತದೆ. ನೀಲಿ ಬೆಳಕಿನಲ್ಲಿ ಆ ಗಾಯವಷ್ಟೇ ಹಚ್ಚಹಸುರಾಗಿ ಹೊಳೆಯುತ್ತದೆ.

ಇಷ್ಟು ಸರಳ ಪರೀಕ್ಷೆಯಿಂದ ಏನಾದೀತು ಎಂದು ಕೆಲವರು ಸಂದೇಹಪಡಬಹುದು. ನೇಪಾಳದ ಭಕ್ತಪುರ ಜಿಲ್ಲೆಯಲ್ಲಿ ನಡೆದು ೨೦೦೧ರಲ್ಲಿ ಪ್ರಕಟವಾದ ಅಧ್ಯಯನವು ಅದಕ್ಕೆ ಉತ್ತರ ಕೊಡುತ್ತದೆ. ಅಲ್ಲಿ ತರಬೇತಿ ಪಡೆದ ಹಳ್ಳಿಯ ಕಾರ್ಯಕರ್ತರೇ ಕಾರ್ನಿಯದ ಗೀರುಗಳನ್ನು ಗುರುತಿಸಿ, ಸೋಂಕು ತಗಲದಂತೆ ಮುಲಾಮು ಹಚ್ಚಿದರು. ಗಾಯವಾದ ೧೮ ಗಂಟೆಗಳೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ತಡವಾಗಿ ಬಂದವರಲ್ಲಿ ಕೆಲವರಿಗೆ ಸೋಂಕು ತಗುಲಿತು. ಕಣ್ಣನ್ನು ಉಳಿಸುವುದು ಬಣ್ಣವೊಂದೇ ಅಲ್ಲ, ಹೊತ್ತು ಮೀರದೆ ದೊರೆಯುವ ಬಣ್ಣ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದುದರಿಂದ ನಗರದ ಆಸ್ಪತ್ರೆಗೆ ಹೊಸ ಕ್ಯಾಮೆರಾ ಬರುವುದು ಎಷ್ಟು ಅವಶ್ಯವೋ, ಗುಡ್ಡದ ಪ್ರತಿಯೊಂದು ಆರೋಗ್ಯ ಕೇಂದ್ರದಲ್ಲಿಯೂ ಕಾಗದದ ಪಟ್ಟಿ, ನೀಲಿ ಟಾರ್ಚು, ಮುಲಾಮುಗಳು ಸದಾ ಸಿದ್ಧವಾಗಿರುವುದು ಅದಕ್ಕಿಂತ ಹೆಚ್ಚು ಅವಶ್ಯ. ಆಶಾ ಕಾರ್ಯಕರ್ತೆಯರಿಗೆ ಇವುಗಳ ಬಳಕೆಯನ್ನು ಕಲಿಸುವುದು ಕಷ್ಟವೇನಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ನಡೆಸಿ ಕಣ್ಣಿನ ಪೊರೆ ತೆಗೆದರು. ರೋಗಿ ವೈದ್ಯನನ್ನು ಅರಸಿ ಬರಲೆಂದು ಕಾಯಲಿಲ್ಲ. ಅಂಥವರ ನಾಡಿನಲ್ಲಿ ಇದು ಅಸಾಧ್ಯವಾಗಬಾರದು.

ಸರ್ಕಾರ ತನ್ನ ಕರ್ತವ್ಯವನ್ನು ಮಾಡಿದರೂ ಜನ ಎಚ್ಚೆತ್ತುಕೊಳ್ಳದಿದ್ದರೆ ಫಲವಿಲ್ಲ. ಕಣ್ಣಿಗೆ ಪೆಟ್ಟು ಬಿದ್ದಾಗ ಎಲೆಯ ರಸ ಹಿಂಡುವುದು, ಎದೆಹಾಲು ಬಿಡುವುದು, ಅಂಗಡಿಯಿಂದ ಸಿಕ್ಕಿದ ಹನಿಮದ್ದು ತಂದು ಹಾಕುವುದು ಇಂದಿಗೂ ಉಂಟು. ಹನಿಮದ್ದಿನಲ್ಲಿ ಸ್ಟಿರಾಯ್ಡ್ ಇದ್ದರೆ ಶಿಲೀಂಧ್ರದ ಹುಣ್ಣು ಇನ್ನಷ್ಟು ಬೆಳೆಯುತ್ತದೆ. ಒಂದು ದಿನದ ಕೂಲಿ ಹೋಗುವುದೆಂದು ಆಸ್ಪತ್ರೆಯ ದಾರಿಯನ್ನು ನಾಳೆಗೆ ದೂಡಿದರೆ, ಬಾಳಿನುದ್ದಕ್ಕೂ ಬೆಲೆ ತೆರಬೇಕಾದೀತು. ಕೊಯ್ಲಿನ ಕಾಲದಲ್ಲಿ ಮನೆಯ ಹಿರಿಯರಿಗೆ ಈ ಮಾತನ್ನು ತಿಳಿಸಿ ಹೇಳುವುದು ಓದು ಬಲ್ಲ ಮಕ್ಕಳ ಹೊಣೆ.

ಅಂಗೈಯ ಹುಣ್ಣು ತಾನಾಗಿ ಕಂಡೀತು. ಕಣ್ಣಿನ ಹುಣ್ಣಿಗೆ ಮಾತ್ರ ಕನ್ನಡಿ ಬೇಕು. ಅದು ಕೈಗೆಟಕುವಷ್ಟು ಹತ್ತಿರದಲ್ಲಿಯೂ ಇರಬೇಕು.