ಸವೆದ ಗುಂಬ

ನಾಭಿ, ನೇಮಿ, ಆಣಿ ಎಂದು ಅಮರಕೋಶದ ಹೆಸರುಗಳನ್ನು ಮೂವತ್ತು ವರ್ಷಗಳ ಕಾಲ ಹುಡುಗರಿಗೆ ಬಾಯಿಪಾಠ ಮಾಡಿಸಿದವರು ನಾವು. ನಾಭಿಯೆಂದರೆ ನಮ್ಮ ಬಡಗಿಗಳು ಹೇಳುವ ಗುಂಬ, ಚಕ್ರದ ನಡುಭಾಗ. ಆದರೆ ಗುಂಬವೂ ಸವೆಯುವ ವಸ್ತುವೆಂಬುದನ್ನು ನಾವು ಕಲಿತುದು ಇಂಗ್ಲೆಂಡಿನಲ್ಲಿ, ಮಗನ ಮನೆಯ ಹಿತ್ತಿಲಿನಲ್ಲಿ. ಅದೂ ನಮ್ಮ ತಪ್ಪಿನಿಂದಲೇ.

ಮಗನು ಆಕ್ಸ್‌ಫರ್ಡಿಗೆ ಸಮೀಪದ ಅಬಿಂಗ್ಡನ್ ಎಂಬಲ್ಲಿ ವಾಸವಾಗಿರುವನು. 1980ರಲ್ಲಿ ಮುಚ್ಚಿಹೋದ ಎಂ.ಜಿ. ಮೋಟಾರು ಕಾರ್ಖಾನೆ ಇದ್ದುದು ಈ ಊರಿನಲ್ಲಿಯೇ. ಎಂ.ಜಿ.ಬಿ. ಎಂಬ ಬಗೆಯ ಸ್ಪೋರ್ಟ್ಸ್ ಕಾರುಗಳನ್ನು 1962ರಿಂದ ಕೊನೆಯವರೆಗೆ ಐದು ಲಕ್ಷಕ್ಕೂ ಮಿಕ್ಕು ಅಲ್ಲಿ ಕಟ್ಟಿದರು. ಮಗನಲ್ಲಿರುವುದು 1966ರ ಜಿ.ಟಿ.; ಮೇಲೆ ಸೂರು, ಹಿಂದೆ ಮಕ್ಕಳಿಗೆ ಮಾತ್ರ ಸಾಲುವಷ್ಟು ಇಕ್ಕಟ್ಟಾದ ಆಸನ. ಮೊಮ್ಮಗಳಿಗೆ ಅದೇ ಸಿಂಹಾಸನ.

ಇದರ ಚಕ್ರಗಳು ತಂತಿಯವು. ಎತ್ತಿನ ಗಾಡಿಯ ಅರವು ಕಂಬದಂತೆ ನಿಂತು ಭಾರವನ್ನು ಹೊರುವುದು. ತಂತಿಯ ಅರಕ್ಕೆ ಎಳೆದು ಬಿಗಿಹಿಡಿಯುವ ಶಕ್ತಿ ಮಾತ್ರ ಉಂಟು. ಇಂತಹ ಚಕ್ರವನ್ನು ಕೂಡಿಸುವ ಕ್ರಮವೂ ಬೇರೆ. ಉಕ್ಕಿನ ಗುಂಬದ ಹೊರಮೈಮೇಲೆ ಉದ್ದುದ್ದನೆಯ ಹಲ್ಲುಗಳಿರುವುವು, ಇವನ್ನು ಸ್ಪ್ಲೈನುಗಳೆನ್ನುವರು. ಚಕ್ರದ ಒಳಮೈಯಲ್ಲಿಯೂ ಅಂತಹವೇ ಹಲ್ಲುಗಳು. ಒಂದರ ಮೇಲೊಂದನ್ನು ಜಾರಿಸಿ, ಎರಡು ಕಿವಿಗಳುಳ್ಳ ಒಂದೇ ಒಂದು ದೊಡ್ಡ ನಟ್ಟನ್ನು ತಾಮ್ರದ ಸುತ್ತಿಗೆಯಿಂದ ಬಡಿದು ಬಿಗಿಸುವರು. ನಮ್ಮ ಗಾಡಿಗೆ ಕಡಾಣಿ ಹೇಗೋ ಇದಕ್ಕೆ ಆ ನಟ್ಟು ಹಾಗೆ. ಓಡಿಸುವ ಬಲವೂ ತಡೆಯುವ ಬಲವೂ ಚಕ್ರವನ್ನು ಮುಟ್ಟುವುದು ಮಾತ್ರ ಹಲ್ಲುಗಳ ಮೂಲಕವೇ.

ಎರಡು ವರ್ಷಗಳ ಕೆಳಗೆ ನಾವು ಅಲ್ಲಿದ್ದಾಗ, ಕಾರು ಹೊರಡುವಾಗಲೂ ನಿಲ್ಲುವಾಗಲೂ ಹಿಂದುಗಡೆ 'ಟಕ್' ಎಂಬ ಸದ್ದು ಕೇಳತೊಡಗಿತು. ಮಗನು ಬಿಚ್ಚಿ ನೋಡಿ, ಗುಂಬ ಚಕ್ರ ಎರಡನ್ನೂ ಬದಲಿಸಬೇಕೆಂದನು. ಬೆಲೆಯನ್ನು ಕೇಳಿ ನಮ್ಮ ಎದೆ ಧಸಕ್ಕೆಂದಿತು. "ತುಕ್ಕು ಹಿಡಿದಿರುವುದು ಚಕ್ರ, ಅದನ್ನು ತರಿಸು, ಗುಂಬ ಗಟ್ಟಿ ಉಕ್ಕು, ಇನ್ನೂ ಹತ್ತು ವರ್ಷ ಬಂದೀತು" ಎಂದು ಉಪದೇಶಿಸಿದೆವು. ಮಕ್ಕಳು ತಂದೆಯ ಮಾತನ್ನು ಕೇಳುವುದು ಅಪೂರ್ವ; ಅವನು ಆ ದಿನ ಕೇಳಿಬಿಟ್ಟನು.

ಮರುವರ್ಷ ನಾವು ಹೋಗುವ ಹೊತ್ತಿಗೆ ಸದ್ದು ಮರಳಿ ಬಂದಿತ್ತು. ಒಂದು ಸಂಜೆ ಮೊಮ್ಮಗಳನ್ನು ಹಿಂದೆ ಕೂರಿಸಿಕೊಂಡು ಇಳಿಜಾರಿನಲ್ಲಿ ಬರುತ್ತಿರುವಾಗ ಮಗನು ಬ್ರೇಕನ್ನು ಒತ್ತಲು, 'ಕಟಕಟ' ಎಂದು ಶಬ್ದವಾಗಿ ಕಾರು ಒಮ್ಮೆ ಜಗ್ಗಿತು. ಅವನು ಮೆಲ್ಲಗೆ ಹುಲ್ಲಿನ ಅಂಚಿಗೆ ತಂದು ನಿಲ್ಲಿಸಿದನು. ನಟ್ಟನ್ನು ಬಿಚ್ಚಿದರೆ ಒಳಗೆಲ್ಲ ಕುಂಕುಮದಂತಹ ತುಕ್ಕಿನ ಪುಡಿ. ತುದಿ ಚಪ್ಪಟೆಯಾಗಿರಬೇಕಾದ ಗುಂಬದ ಹಲ್ಲುಗಳು ಚೂರಿಯ ಅಲಗಿನಂತೆ ಚೂಪಾಗಿದ್ದುವು. ಹೊಸ ಚಕ್ರದ ಹಲ್ಲುಗಳೂ ಅದೇ ದಾರಿಯನ್ನು ಹಿಡಿದಿದ್ದುವು. ಹಳೆಯ ಹಲ್ಲು ಹೊಸದಕ್ಕೆ ಪೂರ್ತಿಯಾಗಿ ಒರಗದೆ, ಸಂದಿನಲ್ಲಿ ಅಲುಗಾಡುತ್ತ, ಹೊರಟಾಗೊಮ್ಮೆ ನಿಂತಾಗೊಮ್ಮೆ ಕುಟ್ಟಿ ಅದನ್ನು ತಿಂದುಹಾಕಿತ್ತು. ಹಲ್ಲು ನಿಶ್ಶೇಷವಾಗಿ ಸವೆದರೆ ಬ್ರೇಕು ಗುಂಬವನ್ನು ಹಿಡಿದರೂ ಚಕ್ರ ಸುತ್ತುತ್ತಲೇ ಇರುವುದಂತೆ. ಮಗನು ಇದನ್ನು ಸಾಧಾರಣ ಧ್ವನಿಯಲ್ಲಿಯೇ ಹೇಳಿದನು. ನಾವು ಮೊಮ್ಮಗಳ ಕೈಯನ್ನು ಹಿಡಿದುಕೊಂಡು ಸುಮ್ಮನೆ ನಿಂತಿದ್ದೆವು.

ಮುಂದಿನ ವಾರ ನಾಲ್ಕು ಗುಂಬಗಳೂ ಚಕ್ರಗಳೂ ಬಂದುವು. ಹಿಂದಿನ ಗುಂಬವನ್ನು ಅಚ್ಚಿನ ತುದಿಯಲ್ಲಿ ಹಿಡಿದಿರುವ ನಟ್ಟನ್ನು 150 ಪೌಂಡು-ಅಡಿ ಬಲದಿಂದ ಬಿಗಿಸಬೇಕು. ಎಂದರೆ ಒಂದಡಿ ಉದ್ದದ ಸನ್ನೆಯ ತುದಿಗೆ ಹೆಚ್ಚು ಕಡಿಮೆ ನಮ್ಮನ್ನೇ ತೂಗುಹಾಕಿದಷ್ಟು. ಬಿಚ್ಚುವುದಂತೂ ಇನ್ನೂ ಕಷ್ಟ. ಎಳೆಯುವ ಯಂತ್ರವನ್ನು ಕಚ್ಚಿಸಿ ಅರ್ಧ ದಿನ ಹೆಣಗಿದನು. ಮುಂದಿನವುಗಳಲ್ಲಿ ಶ್ರಮ ಕಡಿಮೆ, ಸೂಕ್ಷ್ಮ ಹೆಚ್ಚು: ತೆಳುವಾದ ಬಿಲ್ಲೆಗಳನ್ನು ಸೇರಿಸಿಯೋ ತೆಗೆದೋ, ಗುಂಬದ ಅಲುಗಾಟವನ್ನು ಇಂಚಿನ ಸಾವಿರದಲ್ಲಿ ಎರಡರಿಂದ ನಾಲ್ಕು ಪಾಲಿಗೆ ತರಬೇಕು.

ಎಡಕ್ಕೊಂದು ಬಗೆಯ ಗುಂಬ, ಬಲಕ್ಕೊಂದು ಬಗೆ; ತಿರುಪಿನ ಸುತ್ತು ಪರಸ್ಪರ ವಿರುದ್ಧ. ಕಾರು ಮುಂದೆ ಹೋಗುವಾಗ ಚಕ್ರ ಯಾವ ಕಡೆಗೆ ತಿರುಗುವುದೋ ಆ ಕಡೆಗೆ ಬಡಿದರೆ ಎರಡು ಮಗ್ಗುಲಿನ ನಟ್ಟುಗಳೂ ಸಡಿಲುವುವು. ನಮ್ಮ ತರ್ಕಕ್ಕೆ ಇದು ವಿಪರೀತವಾಗಿ ಕಂಡಿತು. ಆದರೆ ಭಾರಕ್ಕೆ ಸಿಕ್ಕಿದ ಚಕ್ರವು ಕಾಣದಷ್ಟು ಅಲುಗುತ್ತ ನಟ್ಟನ್ನು ಎದುರು ದಿಕ್ಕಿಗೆ ಜರುಗಿಸಿ ತಾನೇ ಬಿಗಿಸಿಕೊಳ್ಳುವುದಂತೆ. ಗುಂಬಗಳು ಅದಲುಬದಲಾದರೆ ಅದೇ ಅಲುಗಾಟ ನಟ್ಟನ್ನು ದಾರಿಯಲ್ಲಿ ಕಳಚಿಬಿಡುವುದು. ಈ ಸಲ ನಾವು ಬಾಯಿ ತೆರೆಯಲಿಲ್ಲ.

ನಾವು ಹೇಳಿ ತರಿಸಿದ ಆ ಎರಡು ಚಕ್ರಗಳು ಹಿತ್ತಿಲ ಗೋಡೆಗೆ ಒರಗಿವೆ. ಸೊಸೆ ಅವುಗಳಿಗೆ ಬಟಾಣಿ ಬಳ್ಳಿಯನ್ನು ಹಬ್ಬಿಸಿರುವಳು. ಮಗನು ಹೊಸ ಹಲ್ಲುಗಳಿಗೆ ಗ್ರೀಸು ಬಳಿದು, ಚಕ್ರಗಳನ್ನು ಏರಿಸಿ, ಕೆಲವು ಮೈಲಿ ಓಡಿಸಿಬಂದು ನಟ್ಟುಗಳನ್ನು ಇನ್ನೊಮ್ಮೆ ಬಡಿದನು. ಏಟುಗಳನ್ನು ಎಣಿಸಿದವಳು ಮೊಮ್ಮಗಳು.